ಮಿಲಿಮೀಟರಣ್ಣನ ಸವೆತದ ಪುಸ್ತಕ

ನಾನು ಕೆಲಸ ಮಾಡುವಲ್ಲಿ ಕಾಲು ತಯಾರಾಗುತ್ತದೆ. ಹೀಗೆ ಹೇಳಿದರೆ ಹೊಸಬರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಮೆಲ್ಲಗೆ ನನ್ನ ಕಾಲು ನೋಡುತ್ತಾರೆ. ನನ್ನವು ಎರಡೂ ಹುಟ್ಟಿದಾಗಿನಿಂದ ಇದ್ದವೇ. ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ವಿಭಾಗಕ್ಕೂ ಜನರೇಟರ್ ಕೋಣೆಗೂ ನಡುವೆ ಸಿಕ್ಕಿಕೊಂಡ ಮೂರು ಕೋಣೆಗಳು ನಮ್ಮವು. ಮೊದಲನೆಯದರಲ್ಲಿ ಅಳತೆ, ಎರಡನೆಯದರಲ್ಲಿ ಪ್ಲಾಸ್ಟರ್ ಕೆಲಸ, ಮೂರನೆಯದು ನನ್ನ ಉಗ್ರಾಣ. ಪಾದ, ಮಂಡಿಯ ಕೀಲು, ಪಟ್ಟಿ, ಸ್ಕ್ರೂ ಎಲ್ಲದರ ಬೀಗದ ಕೈ ನನ್ನ ಸೊಂಟದಲ್ಲಿ. ಹಾಗಾಗಿ ನನಗೆ ಸ್ಟೋರಮ್ಮ ಎಂಬ ಹೆಸರು ಬಿತ್ತು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ.

ಹೇಳಹೊರಟಿದ್ದು ನನ್ನ ಕಥೆಯಲ್ಲ. ಮೊದಲನೆಯ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕಾಲು ಅಳೆದ ಮನುಷ್ಯನ ಕಥೆ. ಅವರನ್ನು ಎಲ್ಲರೂ ಮಿಲಿಮೀಟರಣ್ಣ ಅನ್ನುತ್ತಿದ್ದರು. ಕ್ಯಾಂಟೀನಿನ ಬ್ರೆಡ್ಡು ತೆಳ್ಳಗಾಗಿದೆ ಎಂದು ಎಲ್ಲರೂ ಗೊಣಗುತ್ತಿದ್ದಾಗ ಜೇಬಿನಿಂದ ದಪ್ಪ ಅಳೆಯುವ ವರ್ನಿಯರ್ ತೆಗೆದು, "ಹೋದ ತಿಂಗಳಿಗಿಂತ ಎರಡು ಮಿಲಿಮೀಟರ್ ಕಮ್ಮಿ" ಎಂದು ತೀರ್ಪು ಕೊಟ್ಟವರು ಅವರು. ಕ್ಯಾಂಟೀನಿನವನು ಮರುದಿನದಿಂದ ದಪ್ಪಗೆ ಕೊಯ್ದ. ಅಳತೆಗೆ ಇರುವ ಮರ್ಯಾದೆ ಬಾಯಿಗೆ ಇಲ್ಲ ಎಂದು ಅವರು ನಂಬಿದ್ದರು. ನನಗೆ ಬಾಯಿ ಜೋರು, ಆದ್ದರಿಂದ ಆ ಮಾತು ಯಾರಿಗೆ ಹೇಳಿದ್ದೆಂದು ಗೊತ್ತಾಗುತ್ತಿತ್ತು.

ನಾನು ಕೆಲಸಕ್ಕೆ ಸೇರುವ ಮೊದಲು ಒಂದು ಘಟನೆ ನಡೆದಿತ್ತಂತೆ. ಆಗ ವರ್ಷದ ವರದಿಯಲ್ಲಿ ಇದ್ದದ್ದು ಒಂದೇ ಅಂಕಿ, ಎಷ್ಟು ಜನರಿಗೆ ಕಾಲು ಕೊಟ್ಟೆವು ಎಂಬುದು. ಅಂಕಿ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು, ಎಲ್ಲರೂ ಬೆನ್ನು ತಟ್ಟಿಕೊಳ್ಳುತ್ತಿದ್ದರು. ಒಂದು ದಿನ ಮಿಲಿಮೀಟರಣ್ಣ ಬೇರೆ ಯಾವುದೋ ಕೆಲಸಕ್ಕೆ ಒಬ್ಬರ ಮನೆಗೆ ಹೋದಾಗ, ತಾವೇ ಹದಿನೈದು ದಿನ ಕೂತು ಮಾಡಿದ ಕಾಲು ಬಾಗಿಲ ಹಿಂದೆ ಪೊರಕೆಯ ಪಕ್ಕದಲ್ಲಿ ನಿಂತಿತ್ತು. ಕೊಟ್ಟದ್ದು ಲೆಕ್ಕಕ್ಕೆ ಬಂದಿತ್ತು, ಹಾಕಿಕೊಂಡದ್ದು ಬಂದಿರಲಿಲ್ಲ.

ಅಂದಿನಿಂದ ಶುರುವಾಯಿತು ಸವೆತದ ಪುಸ್ತಕ. ನಮ್ಮ ಪಾದದ ಹಿಮ್ಮಡಿಗೆ ಹನ್ನೆರಡು ಮಿಲಿಮೀಟರ್ ದಪ್ಪದ ರಬ್ಬರ್ ಇರುತ್ತದೆ. ವರ್ಷಕ್ಕೊಮ್ಮೆ ತಪಾಸಣೆಗೆ ಬಂದವರ ಕಾಲನ್ನು ಬಿಚ್ಚಿಸಿ, ತಿರುಗಿಸಿ, ರಬ್ಬರ್ ಎಷ್ಟು ಉಳಿದಿದೆ ಎಂದು ಅಳೆದು ಬರೆದಿಡುವುದು. ಸವೆದಿದ್ದರೆ ನಡೆದಿದ್ದಾರೆ, ಸವೆಯದಿದ್ದರೆ ಬಾಗಿಲ ಹಿಂದೆ. ಇಷ್ಟು ಸರಳ. ಒಮ್ಮೆ ಯಾರೋ ಒಬ್ಬರು ಹಿಮ್ಮಡಿಯನ್ನು ಮೆಟ್ಟಿಲ ಕಲ್ಲಿಗೆ ತಿಕ್ಕಿಕೊಂಡು ಬಂದಿದ್ದರು. ಮಿಲಿಮೀಟರಣ್ಣ ಒಂದೇ ನೋಟಕ್ಕೆ ಹಿಡಿದರು. ನಡೆದ ಹಿಮ್ಮಡಿ ಹೊರಗಿನ ಅಂಚಿನಲ್ಲಿ ಸವೆಯುತ್ತದೆ, ತಿಕ್ಕಿದ್ದು ಸಮನಾಗಿ ಸವೆದಿತ್ತು. ಆ ದಿನವೆಲ್ಲ ಅವರ ಮುಖದಲ್ಲಿ ಪತ್ತೇದಾರನ ಕಳೆ. ನನ್ನ ಪುಸ್ತಕದ ಕಣ್ಣಿಗೆ ಮಣ್ಣೆರಚೋಕೆ ಆಗಲ್ಲ ಎಂದು ಮೂರು ಸಲ ಹೇಳಿದರು.

ಆ ಪುಸ್ತಕಕ್ಕೆ ಬೆಲೆ ಬಂದದ್ದು ಸರದಿ ಪಟ್ಟಿಯ ಜಗಳದಲ್ಲಿ. ಹಳೆಯ ಕಾಲು ಬಿರುಕು ಬಿಟ್ಟು ಬದಲಿಗೆ ಬರುವವರಿಗೆ ನಾವು ವರ್ಷಕ್ಕೆ ಮಾಡಿಕೊಡಬಲ್ಲದ್ದು ಅರವತ್ತು ಕಾಲು. ಕೇಳುವವರು ನೂರಕ್ಕೂ ಹೆಚ್ಚು. ಯಾರಿಗೆ ಮೊದಲು? ಮೊದಲೆಲ್ಲ ಯಾರ ಕಡೆಯಿಂದ ಫೋನು ಬರುತ್ತದೋ ಅವರಿಗೆ ಮೊದಲು. ಕಣ್ಣೆದುರೇ ನಡೆಯುತ್ತಿದ್ದ ಅನ್ಯಾಯ, ಯಾರೂ ಬಾಯಿ ಬಿಡುತ್ತಿರಲಿಲ್ಲ. ಮಿಲಿಮೀಟರಣ್ಣ ಪುಸ್ತಕ ಹಿಡಿದು ಸಮಿತಿಯ ಮುಂದೆ ನಿಂತರು. ಕಾಲನ್ನು ನಿಜವಾಗಿ ಬಳಸುವವರಿಗೆ ಮೊದಲು ಕೊಡಿ, ಸವೆತ ಹೆಚ್ಚಿದ್ದವರು ಮೇಲೆ, ಒಂದು ಮಿಲಿಮೀಟರಿಗಿಂತ ಕಮ್ಮಿ ಇದ್ದವರು ಪಟ್ಟಿಯಿಂದ ಹೊರಗೆ ಎಂದರು. ಸಮಿತಿ ಒಪ್ಪಿತು. ಫೋನುಗಳು ನಿಂತವು. ಆ ದಿನ ನನಗೆ ಅವರ ಬಗ್ಗೆ ಹೆಮ್ಮೆಯಾಗಿತ್ತು. ಈಗಲೂ ಆ ಹೆಮ್ಮೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಒಂಬತ್ತು ವರ್ಷ ಹಾಗೆ ನಡೆಯಿತು. ಹತ್ತನೆಯ ವರ್ಷ ಇಸ್ತ್ರಿಯ ಹೆಂಗಸು ಬಂದಳು.

ಪಟ್ಟಿ ಗೋಡೆಗೆ ಅಂಟಿಸಿ ಎರಡು ವಾರವಾಗಿತ್ತು. ವಯಸ್ಸು ಐವತ್ತರ ಆಚೆ, ಬಗಲಿಗೆ ಊರುಗೋಲು, ಹೆಗಲ ಚೀಲದಲ್ಲಿ ಕಾಲು. ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓದಿ ನನ್ನ ಕಿಟಕಿಗೆ ಬಂದಳು.

"ನನ್ನ ಹೆಸರು ಬಿಟ್ಟೋಗಿದೆ ಅಮ್ಮ."

ನಾನು ಪುಸ್ತಕ ನೋಡಿ ಹೇಳಿದೆ, "ಬಿಟ್ಟಿಲ್ಲ. ನಿಮ್ಮ ಸವೆತ ಅರ್ಧ ಮಿಲಿಮೀಟರ್. ನೀವು ಕಾಲು ಹಾಕ್ಕೊಳ್ತಿಲ್ಲ ಅಂತ ಆಗುತ್ತೆ."

ಆಕೆ ಜಗಳವಾಡಲಿಲ್ಲ. ಆಡಿದ್ದರೆ ನಾನೂ ಆಡುತ್ತಿದ್ದೆ, ಇಬ್ಬರಿಗೂ ಹಗುರವಾಗುತ್ತಿತ್ತು. ಚೀಲದಿಂದ ಕಾಲು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಮೋಟುಗಾಲು ಒಳಗೆ ಕೂರುವ ಬಟ್ಟಲು, ನಾವು ಸಾಕೆಟ್ ಅನ್ನುವುದು, ಅಂಚಿನಿಂದ ಬುಡದವರೆಗೆ ಸೀಳಿತ್ತು. ಅದಕ್ಕೆ ಸುತ್ತಿದ ಅಂಟುಪಟ್ಟಿಯೇ ಹರಿದು ನಾರಾಗಿತ್ತು. ಹಾಕಿಕೊಳ್ಳದ ಕಾಲು ಹೀಗೆ ಸೀಳುತ್ತದೆಯೇ? ನಾನು ಕಾಲನ್ನು ಎತ್ತಿಕೊಂಡು ಅಳತೆಯ ಕೋಣೆಗೆ ಹೋದೆ.

ಮಿಲಿಮೀಟರಣ್ಣ ಬಹಳ ಹೊತ್ತು ಸೀಳನ್ನು ನೋಡಿದರು. ಹಿಮ್ಮಡಿ ನೋಡಿದರು. ಮತ್ತೆ ಸೀಳು ನೋಡಿದರು. ಆಮೇಲೆ ಹೊರಗೆ ಬಂದು, "ಎಲ್ಲಿ ಕೆಲಸ ಮಾಡ್ತೀರಮ್ಮ? ನಾಳೆ ಬಂದು ನೋಡ್ಬಹುದಾ?" ಎಂದು ಕೇಳಿದರು.

ಮರುದಿನ ನಾನೂ ಜೊತೆಗೆ ಹೋದೆ. ದೊಡ್ಡ ವಸತಿ ಕಟ್ಟಡದ ಮೆಟ್ಟಿಲ ಕೆಳಗೆ ಮೂಲೆಯಲ್ಲಿ ಆಕೆಯ ಮೇಜು. ಹಳೆಯ ಕಂಬಳಿ ಹೊದಿಸಿದ ಹಲಗೆ, ಗೋಡೆಯಿಂದ ಇಳಿಬಿಟ್ಟ ವೈರು, ಎರಡು ಬದಿಯಲ್ಲೂ ಬಟ್ಟೆಯ ಗಂಟು. ಆಕೆ ಅಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ನಿಲ್ಲುತ್ತಾಳೆ. ನಿಲ್ಲುತ್ತಾಳೆ ಅಷ್ಟೇ. ಅಂಗಿಯನ್ನು ಎಡಗೈಯಲ್ಲಿ ಬಿಗಿಯಾಗಿ ಎಳೆದು ಹಿಡಿದು, ಬಲಗೈಯಿಂದ ಇಡೀ ಮೈಯ ಭಾರ ಹಾಕಿ ಇಸ್ತ್ರಿ ಪೆಟ್ಟಿಗೆ ಒತ್ತುತ್ತಾಳೆ. ಒತ್ತಿದಾಗಲೆಲ್ಲ ಸಾಕೆಟ್ಟಿನ ಸೀಳು ಬಾಯಿ ತೆರೆದು ಮುಚ್ಚುತ್ತಿತ್ತು. ಮಿಲಿಮೀಟರಣ್ಣ ಹತ್ತರಿಂದ ಒಂದರವರೆಗೆ ನಿಂತು ನೋಡಿದರು. ಮೂರು ಗಂಟೆಯಲ್ಲಿ ಆಕೆ ನಡೆದದ್ದು ನಲವತ್ತೊಂದು ಹೆಜ್ಜೆ. ಅದನ್ನೂ ಎಣಿಸಿದ್ದರು, ಚಾಳಿ ಎಲ್ಲಿ ಹೋಗುತ್ತದೆ.

"ಈ ಕಾಲು ನಿಮಗೆ ಯಾತಕ್ಕೆ ಬೇಕಮ್ಮ?" ಎಂದು ಕೇಳಿದರು.

"ನಿಂತ್ಕೊಳ್ಳೋಕೆ."

"ನಿಂತ್ಕೊಳ್ಳೋದು ಯಾಕೆ?"

"ಇಸ್ತ್ರಿ ಮಾಡೋಕೆ." ಈ ಮನುಷ್ಯನಿಗೆ ತಲೆ ನೆಟ್ಟಗಿದೆಯೇ ಎಂಬಂತೆ ಆಕೆ ನನ್ನ ಕಡೆ ನೋಡಿದಳು.

"ಸ್ಟೂಲ್ ಮೇಲೆ ಕೂತು ಮಾಡ್ಬಹುದಲ್ಲ?"

"ಕೂತ್ರೆ ಮೈಭಾರ ಬೀಳಲ್ಲ ಸಾರ್, ಸುಕ್ಕು ಹೋಗಲ್ಲ. ಕೋಲಿಟ್ಕೊಂಡು ನಿಂತ್ರೆ ಒಂದು ಕೈ ಕೋಲಿಗೇ ಹೋಯ್ತು. ನಂಗೆ ಬೇಕಾಗಿರೋದು ಕೈ ಸಾರ್. ಈ ಕಾಲಿದ್ರೆ ಎರಡು ಕೈ ಇರುತ್ತೆ, ಇಲ್ದಿದ್ರೆ ಒಂದೇ."

"ಮತ್ತೆ ನಡೆಯೋಕೆ?"

"ಅದಕ್ಕೆ ಕೋಲಿದೆಯಲ್ಲ. ಸಾಯಂಕಾಲ ಕಾಲು ಬಿಚ್ಚಿ ಚೀಲಕ್ಕೆ ಹಾಕ್ಕೊಂಡು ಹೋಗ್ತೀನಿ. ಹಾದೀಲೇ ಸವೆಸಿಬಿಟ್ರೆ ಕೆಲಸಕ್ಕೆ ಏನುಳಿಯುತ್ತೆ? ಜೋಪಾನವಾಗಿ ಇಟ್ಕೊಂಡಿದೀನಿ ಸಾರ್."

ಜೋಪಾನವಾಗಿ ಇಟ್ಟುಕೊಂಡದ್ದಕ್ಕೇ ಆಕೆ ಪಟ್ಟಿಯಿಂದ ಹೊರಗೆ ಬಿದ್ದಿದ್ದಳು. ಮಿಲಿಮೀಟರಣ್ಣನ ಮುಖ ಸಪ್ಪಗಾಯಿತು. ಬಸ್ಸಿನಲ್ಲಿ ವಾಪಸು ಬರುವಾಗ ಒಂದೇ ಮಾತು ಆಡಿದರು. "ಇಪ್ಪತ್ತಾರು ವರ್ಷದಲ್ಲಿ ಯಾತಕ್ಕೆ ಬೇಕು ಅಂತ ಒಬ್ಬರನ್ನೂ ಕೇಳಿಲ್ಲ ಕಣಮ್ಮ. ಕಾಲು ಅಂದ್ರೆ ನಡೆಯೋಕೆ ಅಂತ ನಾನೇ ಅಂದ್ಕೊಂಡ್ಬಿಟ್ಟೆ."

ಆ ಸಾಕೆಟ್ ಹೆಚ್ಚೆಂದರೆ ಎರಡು ತಿಂಗಳು ಬಾಳುತ್ತಿತ್ತು. ಅದು ಮುರಿದರೆ ಮೆಟ್ಟಿಲ ಕೆಳಗಿನ ಮೂಲೆ ಬೇರೆಯವರ ಪಾಲು. ಆಕೆಯೇ ಹೇಳಿದಳು, ಆಗಲೇ ಇಬ್ಬರು ಬಂದು ಜಾಗ ನೋಡಿಕೊಂಡು ಹೋಗಿದ್ದಾರೆ ಎಂದು. ನನ್ನ ಉಗ್ರಾಣದ ಮೇಲಿನ ಅಟ್ಟಣೆಯಲ್ಲಿ ಒಂದು ಪಾದ, ಅದಕ್ಕೆ ಹೊಂದುವ ಕೊಳವೆ, ಕೀಲು ಎಲ್ಲ ಇದ್ದವು. ಯಾವುದೋ ಕಾಲದಲ್ಲಿ ಮಾದರಿಗೆಂದು ಬಂದವು, ಯಾವ ಪುಸ್ತಕದಲ್ಲೂ ಇರಲಿಲ್ಲ. ಮರುದಿನ ನಾನು ಅವನ್ನು ಬಟ್ಟೆಯಲ್ಲಿ ಸುತ್ತಿ ಅವರ ಮೇಜಿನ ಮೇಲಿಟ್ಟೆ.

"ಸುಮ್ನೆ ಮಾಡ್ಕೊಟ್ಬಿಡಿ ಅಣ್ಣ. ಕೇಳೋರು ಯಾರಿದ್ದಾರೆ?"

ಅವರು ಬಟ್ಟೆಯನ್ನು ಬಿಚ್ಚಲೂ ಇಲ್ಲ. "ಇವರಿಗೆ ಕೊಟ್ಟು ಬಾಯ್ಮುಚ್ಕೊಂಡು ಕೂತ್ರೆ ನನ್ನ ತಪ್ಪು ಹಾಗೇ ಉಳಿಯುತ್ತೆ. ಈ ಪಟ್ಟಿಯಿಂದ ಹೊರಗೆ ಬಿದ್ದೋರು ಇನ್ನೂ ಐವತ್ತು ಜನ ಇದ್ದಾರೆ. ಅವರಲ್ಲಿ ನಿಂತು ಕೆಲಸ ಮಾಡೋರು ಎಷ್ಟು ಜನ, ನಿಂಗೆ ಗೊತ್ತಾ? ನಂಗೆ ಗೊತ್ತಿಲ್ಲ. ಅವರಿಗೆಲ್ಲ ಎಲ್ಲಿಂದ ತರ್ತೀಯ?"

"ಅವರ ವಿಷಯ ಆಮೇಲೆ. ಈಕೆ ಎದುರಿಗಿದ್ದಾಳೆ."

"ಎದುರಿಗೆ ಬಂದೋರಿಗೆ ಕೊಡೋದನ್ನ ನಿಲ್ಸೋಕೇ ಅಲ್ವಾ ನಾವು ಇಷ್ಟು ಕಷ್ಟಪಟ್ಟಿದ್ದು?"

ನನಗೆ ಮೈ ಉರಿಯಿತು. ಇಂಥ ನೆಟ್ಟಗಿನ ಮನುಷ್ಯರು ಮನೆಯವರ ಪ್ರಾಣ ಹಿಂಡುತ್ತಾರೆ ಎಂದು ಅವರ ಹೆಂಡತಿಯ ಮೇಲೆ ಕನಿಕರ ಬಂತು. ನಾಲ್ಕು ದಿನ ಮಾತು ಬಿಟ್ಟೆ. ಆ ನಾಲ್ಕು ದಿನವೂ ಅವರು ಕೆಲಸ ಮುಗಿಸಿ ಮೆಟ್ಟಿಲ ಕೆಳಗಿನ ಮೂಲೆಗೆ ಹೋಗಿ, ಸೀಳಿದ ಸಾಕೆಟ್ಟಿಗೆ ಒಳಗಿನಿಂದ ತೇಪೆ ಹಾಕಿ ಬಂದರೆಂದು ಆಮೇಲೆ ತಿಳಿಯಿತು.

ತಿಂಗಳ ಸಮಿತಿಗೆ ಅವರು ಪುಸ್ತಕವನ್ನು ತೆಗೆದುಕೊಂಡು ಹೋದರು. ಮೇಜಿನ ತುದಿಯಲ್ಲಿ ದೊಡ್ಡ ಡಾಕ್ಟರಮ್ಮ, ಪಕ್ಕದಲ್ಲಿ ಆಡಳಿತಾಧಿಕಾರಿ. ಉಗ್ರಾಣದ ಲೆಕ್ಕ ಹೇಳಲು ನಾನೂ ಇದ್ದೆ. ಮಿಲಿಮೀಟರಣ್ಣ ಎದ್ದು, ಸವೆತದ ನಿಯಮ ತಪ್ಪು, ಅದನ್ನು ತಂದ ನಾನೇ ಹೇಳುತ್ತಿದ್ದೇನೆ ಎಂದರು. ಇಸ್ತ್ರಿ ಮೇಜಿನ ಮೂರು ಗಂಟೆ, ನಲವತ್ತೊಂದು ಹೆಜ್ಜೆ ಎಲ್ಲ ಹೇಳಿದರು. ಯಾತಕ್ಕೆ ಬೇಕೆಂದು ಅವರವರನ್ನೇ ಕೇಳಿ ಪಟ್ಟಿ ಮಾಡೋಣ ಎಂದರು.

ಆಡಳಿತಾಧಿಕಾರಿ ಕುರ್ಚಿಗೆ ಒರಗಿದರು. "ಕಥೆ ಕೇಳಿ ಕಾಲು ಕೊಡೋಕೆ ಶುರು ಮಾಡಿದ್ರೆ, ಚೆನ್ನಾಗಿ ಕಥೆ ಹೇಳೋರಿಗೆ ಎರಡೆರಡು ಕಾಲು ಹೋಗುತ್ತೆ. ನಾಳೆಯಿಂದ ಮತ್ತೆ ಫೋನು ಬರುತ್ತೆ. ಹಿಮ್ಮಡಿಗೆ ಸುಳ್ಳು ಹೇಳೋಕೆ ಬರಲ್ಲ ಅಂದೋರು ನೀವೇ ತಾನೆ?"

ಆ ಮಾತಿನಲ್ಲಿ ಸತ್ಯವಿತ್ತು. ಅದಕ್ಕೇ ನನಗೆ ಭಯವಾಯಿತು.

"ಕಥೆ ಬೇಡ ಸಾರ್," ಎಂದರು ಮಿಲಿಮೀಟರಣ್ಣ. "ಕಾಲು ಕೇಳೋರು ಒಂದು ಕೆಲಸ ಹೇಳ್ಲಿ. ನಾವು ಹೋಗಿ ಕಣ್ಣಾರೆ ನೋಡೋಕೆ ಆಗೋ ಕೆಲಸ. ಅದಕ್ಕೆ ನಾಲ್ಕು ಮೆಟ್ಟಿಲು ಇಟ್ಕೊಳ್ಳೋಣ. ತಾವೇ ಪೂರ್ತಿ ಮಾಡ್ತಾರೆ ಅಂದ್ರೆ ಮೂರು. ಯಾರಾದ್ರೂ ಕೈ ಹಿಡಿದ್ರೆ ಮಾಡ್ತಾರೆ ಅಂದ್ರೆ ಎರಡು. ಕಷ್ಟಪಟ್ಟು ಅರ್ಧಕ್ಕೆ ಬಿಡ್ತಾರೆ ಅಂದ್ರೆ ಒಂದು. ಆಗೋದೇ ಇಲ್ಲ ಅಂದ್ರೆ ಸೊನ್ನೆ."

"ಒಬ್ಬರು ಇಸ್ತ್ರಿ ಮಾಡ್ತಾರೆ, ಇನ್ನೊಬ್ಬರು ಬಸ್ ಹತ್ತಬೇಕು ಅಂತಾರೆ," ಎಂದರು ಡಾಕ್ಟರಮ್ಮ. "ಯಾವುದು ದೊಡ್ಡದು ಅಂತ ಹೇಳೋರು ಯಾರು?"

"ನಾವು ಹೇಳೋದು ಬೇಡ ಮೇಡಮ್. ನಾವು ನೋಡೋದು ಅಂತರ ಮಾತ್ರ. ಒಳ್ಳೆ ಕಾಲಿದ್ರೆ ಯಾವ ಮೆಟ್ಟಿಲು, ಇಲ್ದಿದ್ರೆ ಯಾವ ಮೆಟ್ಟಿಲು. ಇಸ್ತ್ರಿಯವರಿಗೆ ಇದ್ರೆ ಮೂರು, ಇಲ್ದಿದ್ರೆ ಸೊನ್ನೆ. ಯಾರಾದ್ರೂ ಕೈ ಕೊಟ್ರೆ ಬಸ್ ಹತ್ತೋರಿಗೆ ಇದ್ರೆ ಮೂರು, ಇಲ್ದಿದ್ರೆ ಎರಡು. ಅಂತರ ಜಾಸ್ತಿ ಇದ್ದೋರಿಗೆ ಮೊದಲು. ಇಬ್ಬರು ಹೋಗಿ, ಒಬ್ಬರಿಗೊಬ್ಬರು ತೋರಿಸ್ದೆ ಅಂಕ ಬರೀಬೇಕು. ಆಮೇಲೆ ಹೋಲಿಸ್ಬೇಕು."

"ಇನ್ನೊಬ್ಬರು ಯಾರು?"

ಅವರು ನನ್ನ ಕಡೆ ತಿರುಗಿದರು. "ಸ್ಟೋರಮ್ಮ. ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನದ ಒಬ್ಬರು ಬೇಕು."

ಡಾಕ್ಟರಮ್ಮ ನಕ್ಕರು. ಹಳೆಯ ಪಟ್ಟಿಯನ್ನು ತಡೆಹಿಡಿದು ಆರು ವಾರ ಕೊಟ್ಟರು. ನಾನು ನೂರಹನ್ನೊಂದು ಮನೆಗಳ ಮೆಟ್ಟಿಲು ಹತ್ತಿದ್ದು ಹೀಗೆ. ಮನೆಯಲ್ಲಿ ನನ್ನ ಗಂಡ, "ನಿನಗೂ ಒಂದು ಕಾಲು ಮಾಡಿಸ್ಕೊಳ್ಳೋದು ವಾಸಿ," ಎಂದು ಅಣಕಿಸಿದ. ಹನ್ನೆರಡು ಕಡೆ ನಮ್ಮಿಬ್ಬರ ಅಂಕ ಹೊಂದಲಿಲ್ಲ, ಒಂಬತ್ತು ಕಡೆ ನಾನು ಹೇಳಿದ್ದೇ ಸರಿ ಎಂದು ಅವರು ಒಪ್ಪಿಕೊಂಡರು. ಇದನ್ನು ಬರೆದಿಡುವುದು ನ್ಯಾಯ.

ಓದುವವರು ತಲೆ ಕೆಡಿಸಿಕೊಳ್ಳುವುದು ಬೇಡ, ಇಸ್ತ್ರಿಯ ಹೆಂಗಸಿಗೆ ಕಾಲು ಸಿಕ್ಕಿತು. ಹೊಸ ಪಟ್ಟಿಯಲ್ಲಿ ಏಳನೆಯವಳು. ಸಾಕೆಟ್ಟಿನ ಅಂಚನ್ನು ಮುಂದಕ್ಕೆ ದಪ್ಪ ಮಾಡಿ, ಒತ್ತಿದರೂ ಸೀಳದ ಹಾಗೆ ಮಾಡಿಕೊಟ್ಟರು. ಆಕೆ ಈಗಲೂ ಅದೇ ಮೂಲೆಯಲ್ಲಿದ್ದಾಳೆ. ನಾನು ಹೇಳಬೇಕಾದದ್ದು ನಮ್ಮ ಕೊನೆಯ ಮನೆಯ ವಿಷಯ.

ಅದು ಹಳೆಯ ಪಟ್ಟಿಯ ಮೊದಲನೆಯವರ ಮನೆ. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಲೈನ್‌ಮ್ಯಾನ್. ಒಂಬತ್ತು ವರ್ಷದಲ್ಲಿ ಅವರ ಹಿಮ್ಮಡಿಯಷ್ಟು ಸವೆದದ್ದು ಇನ್ನೊಂದಿಲ್ಲ, ಕಳೆದ ಸಲ ಏಳೂವರೆ ಮಿಲಿಮೀಟರ್. ಅವರ ವಿಷಯದಲ್ಲಿ ನೋಡುವುದು ಏನೂ ಇಲ್ಲ ಎಂದು ಮಿಲಿಮೀಟರಣ್ಣ ಕೊನೆಗೆ ಇಟ್ಟುಕೊಂಡಿದ್ದರು. ಸುಸ್ತಾದ ದಿನಕ್ಕೊಂದು ಸುಲಭದ ಮನೆ ಇರಲಿ ಎಂದು.

ನಾವು ಹೋದಾಗ ಬೆಳಿಗ್ಗೆ ಹತ್ತೂವರೆ. ಎರಡು ಕೋಣೆಯ ಮನೆ. ಒಳಗಿನ ಕೋಣೆಯ ಕಿಟಕಿಗೆ ತಾಗಿ ಮಂಚ, ಮಂಚದ ಮೇಲೆ ಅವರ ಹೆಂಡತಿ. ನಾಲ್ಕು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಗಿತ್ತು. ಪಕ್ಕದಲ್ಲಿ ಗಾಲಿಕುರ್ಚಿ. ಲೈನ್‌ಮ್ಯಾನ್ ಆಗ ತಾನೇ ಮೈದಾನದಿಂದ ಬಂದಿದ್ದರು, ಅಂಗಿ ಬೆವರಿನಲ್ಲಿ ತೊಯ್ದಿತ್ತು. ನಾವು ಕೇಳುವ ಮೊದಲೇ ಕಾಲೆತ್ತಿ ಹಿಮ್ಮಡಿ ತೋರಿಸಿದರು.

"ಈ ಸಲ ಎಂಟು ದಾಟಿರ್ಬೇಕು ನೋಡಿ ಸಾರ್. ದಿನಾ ಇಪ್ಪತ್ತು ಸುತ್ತು, ಒಂದು ದಿನವೂ ತಪ್ಪಿಸಿಲ್ಲ."

"ಅಳತೆ ಬೇಡ, ಕೂತ್ಕೊಳ್ಳಿ," ಎಂದರು ಮಿಲಿಮೀಟರಣ್ಣ. "ಈ ಕಾಲು ನಿಮಗೆ ಯಾತಕ್ಕೆ ಬೇಕು?"

ಲೈನ್‌ಮ್ಯಾನ್‌ಗೆ ಪ್ರಶ್ನೆ ಅರ್ಥವಾಗಲಿಲ್ಲ. ಮಿಲಿಮೀಟರಣ್ಣ ಮತ್ತೆ ಕೇಳಿದರು. "ನಡೆಯೋಕೆ ಸಾರ್," ಎಂದರು.

"ಅಷ್ಟೊಂದು ನಡೆಯೋದು ಯಾಕೆ?"

"ನಿಮ್ಮ ಪಟ್ಟೀಲಿ ಇರೋಕೆ."

ಅದರಲ್ಲಿ ವ್ಯಂಗ್ಯವಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದರು ಅಷ್ಟೆ. ಮಿಲಿಮೀಟರಣ್ಣ ಪೆನ್ನನ್ನು ಕೆಳಗಿಟ್ಟರು.

"ಪಟ್ಟಿ ಬಿಟ್ಹಾಕಿ. ಪಟ್ಟಿನೇ ಇಲ್ಲ ಅಂದ್ಕೊಳ್ಳಿ. ಆಗ ಯಾತಕ್ಕೆ?"

ಲೈನ್‌ಮ್ಯಾನ್ ಒಳಗಿನ ಕೋಣೆಯ ಕಡೆ ನೋಡಿ ದನಿ ತಗ್ಗಿಸಿದರು. "ಇವಳನ್ನ ಬೆಳಿಗ್ಗೆ ಒಂದ್ಸಲ ಕುರ್ಚಿಗೆ, ಸಾಯಂಕಾಲ ಒಂದ್ಸಲ ಮಂಚಕ್ಕೆ ಎತ್ತಿ ಕೂರಿಸ್ಬೇಕು. ಎರಡೇ ನಿಮಿಷದ ಕೆಲಸ. ಆದ್ರೆ ಆ ಎರಡು ನಿಮಿಷ ಕಾಲು ಗಟ್ಟಿಯಾಗಿ ನಿಲ್ಬೇಕು."

"ಎತ್ತೋಕೆ ಆಗುತ್ತಾ?"

"ಮೊದಲು ಆಗ್ತಿತ್ತು. ಈಗ ಸುತ್ತು ಹಾಕಿ ಬಂದ್ಮೇಲೆ ನೋವು ತಡೆಯೋಕಾಗಲ್ಲ. ಪಕ್ಕದ ಮನೆಯವರು ಬಂದು ಎತ್ತಿಕೊಡ್ತಾರೆ. ಇವಳಿಗೆ ಬೇರೆಯವರ ಕೈ ಮುಟ್ಟೋದು ಅಂದ್ರೆ ಸಂಕೋಚ. ಏನ್ಮಾಡೋದು ಸಾರ್, ನಡೆಯದೇ ಇದ್ರೆ ಕಾಲೇ ಸಿಗಲ್ಲ. ಕಾಲೇ ಇಲ್ದಿದ್ರೆ ಎತ್ತೋದು ಹ್ಯಾಗೆ?"

ಮಿಲಿಮೀಟರಣ್ಣ ನೆಲದ ಮೇಲೆ ಕೂತು ಅವರ ಸಾಕೆಟ್ಟನ್ನು ತಾವೇ ಬಿಚ್ಚಿದರು. ಮೋಟಿನ ತುದಿಯಲ್ಲಿ ಚರ್ಮ ಕಿತ್ತು ಹಸಿಯಾಗಿತ್ತು. ಸುತ್ತಿದ್ದ ಬಟ್ಟೆಯ ಮೇಲೆ ಹಳೆಯ ಕಲೆ, ಅದರ ಮೇಲೆ ಹೊಸ ಕಲೆ. ವರ್ಷಕ್ಕೊಮ್ಮೆ ಈ ಮನುಷ್ಯ ಅಳತೆಯ ಕೋಣೆಗೆ ಬಂದಿದ್ದರು, ವರ್ಷಕ್ಕೊಮ್ಮೆ ನಾವು ಹಿಮ್ಮಡಿಯನ್ನು ಅಳೆದು ಭೇಷ್ ಎಂದು ಕಳಿಸಿದ್ದೆವು. ಹಿಮ್ಮಡಿ ಸುಳ್ಳು ಹೇಳಿರಲಿಲ್ಲ. ನನಗೆ ಅಳು ಬಂತು, ಅತ್ತೆ. ಮಿಲಿಮೀಟರಣ್ಣ ಅಳಲಿಲ್ಲ, ಬಟ್ಟೆಯನ್ನು ಮಡಿಸುತ್ತ ಕೂತರು, ಬಿಚ್ಚಿ ಮತ್ತೆ ಮಡಿಸಿದರು.

ಒಳಗಿನಿಂದ ಅಸ್ಪಷ್ಟವಾದ ದನಿಯಲ್ಲಿ ಆಕೆ ಕರೆದರು. ಕುರ್ಚಿಗೆ ಕೂರಿಸುವ ಹೊತ್ತಾಗಿತ್ತು, ಪಕ್ಕದ ಮನೆಯವರು ಊರಲ್ಲಿರಲಿಲ್ಲ. ನಾವು ಎತ್ತಬಹುದೇ ಎಂದು ಕೇಳಿ, ಆಕೆ ಹೂಂ ಎಂದು ತಲೆಯಾಡಿಸಿದ ಮೇಲೆ, ಮಿಲಿಮೀಟರಣ್ಣ ಭುಜದ ಕೆಳಗೆ, ನಾನು ಮಂಡಿಯ ಕೆಳಗೆ ಕೈ ಕೊಟ್ಟು ಎತ್ತಿ ಕೂರಿಸಿದೆವು. ಆಕೆ ಸೆರಗು ಸರಿಮಾಡಿಕೊಳ್ಳಲು ಎಡಗೈಯಲ್ಲಿ ಒದ್ದಾಡಿದರು, ನಾನು ಸರಿಮಾಡಿದೆ. ಎಲ್ಲ ಮಾತೂ ಆಕೆಗೆ ಕೇಳಿಸಿತ್ತು.

"ನಾಳೆ ಇವರು ಮೈದಾನಕ್ಕೆ ಹೋಗ್ಬೇಕಾ ಸಾರ್?" ಎಂದು ಕೇಳಿದರು.

"ಬೇಡಮ್ಮ. ಇನ್ನು ಯಾವತ್ತೂ ಬೇಡ. ನಾನು ತಪ್ಪು ನಿಯಮ ಮಾಡಿದ್ದೆ."

ಲೈನ್‌ಮ್ಯಾನ್ ಒಂಟಿಗಾಲಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಅವರಿಗೆ ನಂಬಿಕೆ ಬರಲಿಲ್ಲ. "ನಡೆಯದೇ ಇದ್ರೆ ಆಮೇಲೆ ತೆಗೆದುಹಾಕಲ್ವಾ?" ಎಂದರು. ಇಲ್ಲ ಎಂದು ಮಿಲಿಮೀಟರಣ್ಣ ಹೇಳಿದರು. ಅವರು ಮತ್ತೆ ಅದನ್ನೇ ಕೇಳಿದರು, ಇವರು ಮತ್ತೆ ಇಲ್ಲ ಎಂದರು.

"ಬೇಜಾರು ಮಾಡ್ಕೋಬೇಡಿ ಸಾರ್," ಎಂದರು ಲೈನ್‌ಮ್ಯಾನ್, "ಬರೆದು ಕೊಡ್ತೀರಾ?"

ಜೀವಮಾನವೆಲ್ಲ ಜನರನ್ನು ನಡೆಸಲು ದುಡಿದ ಮನುಷ್ಯ ಹಾಳೆಯೊಂದನ್ನು ಮೊಣಕಾಲ ಮೇಲಿಟ್ಟುಕೊಂಡು, ಇವರು ನಡೆಯಬೇಕಾಗಿಲ್ಲ, ಇವರಿಗೆ ಕಾಲು ಕೊಡುವುದನ್ನು ನಿಲ್ಲಿಸುವುದಿಲ್ಲ ಎಂದು ದೊಡ್ಡ ಅಕ್ಷರದಲ್ಲಿ ಬರೆದರು. ತಾರೀಖು ಹಾಕಿ ಸಹಿ ಮಾಡಿದರು. ಲೈನ್‌ಮ್ಯಾನ್ ಅದನ್ನು ಎರಡು ಸಲ ಓದಿ, ಒಬ್ಬರ ಸಹಿ ಸಾಕಾಗುತ್ತದೆಯೇ ಎಂಬಂತೆ ನನ್ನ ಕಡೆ ನೋಡಿದರು. ಕೆಳಗೆ ನಾನೂ ಸಹಿ ಹಾಕಿದೆ.